ಗೋಡೆರಾಣಿಯ ಅಪ್ಪ

ಅಕ್ಟೋಬರ್ ೩

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ವಾರವಾಯಿತು. ಮದುವೆಯಾದಂದಿನಿಂದ ಈ ಮನೆ ಇಷ್ಟು ಸುಮ್ಮನಿದ್ದದ್ದೇ ಇಲ್ಲ. ಮಾತಾಡಲು ಜನವಿಲ್ಲದೆ ನನಗೆ ಈ ಬರೆಯುವ ಚಾಳಿ ಹಿಡಿದಿದೆ. ಲಕ್ವ ಹೊಡೆದ ಇವರ ಬಲಗೈ, ಬಲಗಾಲು ಇನ್ನೂ ಅರೆಜೀವ. ಎಡಗೈ ಪರವಾಗಿಲ್ಲ. ಮಾತು ಮಾತ್ರ ದಾರಿ ತಪ್ಪಿದೆ. ನೀರು ಬೇಕಾದರೆ “ಕತ್ತರಿ” ಅನ್ನುತ್ತಾರೆ, ದಿಂಬು ಸರಿಸಬೇಕಾದರೂ “ಕತ್ತರಿ”. ಬೇಕು ಅನ್ನುವಲ್ಲಿ ಬೇಡ, ಬೇಡ ಅನ್ನುವಲ್ಲಿ ಬೇಕು. ತಲೆಯೊಳಗೆ ಎಲ್ಲ ನೆಟ್ಟಗಿದೆ, ಬಾಯಿಗೆ ಬರುವಷ್ಟರಲ್ಲಿ ಪದ ಬದಲಾಗುತ್ತದೆ ಎಂದು ಡಾಕ್ಟರು ವಿವರಿಸಿದರು. ನನಗೆ ಅರ್ಥವಾದದ್ದು ಇಷ್ಟೇ. ಈ ಮನುಷ್ಯನ ಜೊತೆ ಬಾಳುವುದು ಮೊದಲೂ ಕಷ್ಟವಿತ್ತು, ಈಗ ಇನ್ನೂ ಕಷ್ಟ.

ಮೊದಲಿನ ಕಷ್ಟ ಮಾತು ಹೆಚ್ಚಾಗಿ. ಊಟಕ್ಕೆ ಕೂತರೆ ಸಾಕು, ಯಾವ ಗುಲಾಬಿಗೆ ಯಾವುದು ತಾಯಿ, ಯಾವುದು ತಂದೆ, ಅಜ್ಜಿ ಯಾರು, ಮುತ್ತಜ್ಜಿ ಯಾವ ಸೀಮೆಯವಳು ಅಂತ ಶುರು. ಬಳ್ಳಿಗುಲಾಬಿಗಳ ವಂಶಾವಳಿ ಬಾಯಿಪಾಠ, ನನ್ನ ತವರಿನವರ ಹೆಸರು ಮಾತ್ರ ನೆನಪಿರುವುದಿಲ್ಲ. ನಾನು ನಮ್ಮ ನರ್ಸರಿಯ ಕಸಿ ಶೆಡ್ಡಿನವಳು. ಗುಲಾಬಿಯೆಂದರೆ ನನಗೆ ಚಾಕು, ಪಟ್ಟಿ, ಕುಂಡ, ಗಿರಾಕಿ. ಆ ಹರಟೆಗೆ ಕಿವಿ ಕೊಟ್ಟವಳೇ ಅಲ್ಲ. ಈಗ ಊಟದ ಹೊತ್ತಿನಲ್ಲಿ ಚಮಚದ ಸದ್ದು ಮಾತ್ರ ಕೇಳುತ್ತದೆ.

ಅಕ್ಟೋಬರ್ ೧೧

ಮಾತಿನ ಟೀಚರ್ ಬಂದಿದ್ದಳು. ನಮ್ಮ ಮಗಳಿಗಿಂತ ಚಿಕ್ಕವಳು. ಚಿತ್ರದ ಕಾರ್ಡು ಹಿಡಿದು ಇದೇನು, ಅದೇನು ಎಂದು ಇವರನ್ನು ಕೇಳುತ್ತಾಳೆ. ಊರಿಗೆಲ್ಲ ಗುಲಾಬಿ ಪಾಠ ಹೇಳಿದ ಮನುಷ್ಯ ಬೆಕ್ಕಿನ ಚಿತ್ರದ ಮುಂದೆ ಬೆವರುವುದನ್ನು ನೋಡಲಾಗದೆ ನಾನೇ “ಬೆಕ್ಕು” ಅಂದುಬಿಟ್ಟೆ. ಆಮೇಲೆ “ಕೊಡೆ” ಅಂದೆ. ಮತ್ತೆ ಬಾಯಿ ತೆಗೆದಾಗ ಅವಳು ನನ್ನತ್ತ ತಿರುಗಿ, “ಪಾಠ ನಿಮಗಲ್ಲ ಆಂಟಿ” ಅಂದಳು. ನಾನು ಇವರ ಎಲ್ಲ ಮಾತನ್ನೂ ನಾನೇ ಮುಗಿಸಿಕೊಡುತ್ತೇನಂತೆ. ಕಾಯಬೇಕಂತೆ. ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ ಅಂತ ಅವಳಿಗೇನು ಗೊತ್ತು.

ಒಂದು ಉಪಾಯ ಹೇಳಿಕೊಟ್ಟಳು. ಹೌದಾದರೆ ಎಡಗೈಯ ಹೆಬ್ಬೆರಳು ಎತ್ತುವುದು, ಅಲ್ಲವಾದರೆ ಅಂಗೈ ಹಾಸಿಗೆಗೆ ಒತ್ತುವುದು. ಬಾಯಿ ತಪ್ಪಿದರೂ ಕೈ ತಪ್ಪುವುದಿಲ್ಲ ಎಂದು ಅವಳ ಭರವಸೆ. ಇವರು ಹೆಬ್ಬೆರಳೆತ್ತಿ ಕೂತರು. ಲಾರಿ ನಿಲ್ಲಿಸುವವನ ಹಾಗೆ ಕಂಡರು. ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಅಕ್ಟೋಬರ್ ೧೯

ಗುಲಾಬಿ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಆರೋಗ್ಯ ವಿಚಾರಿಸಿ, ಗಂಟಲು ಸರಿಮಾಡಿಕೊಂಡು, ವಿಷಯಕ್ಕೆ ಬಂದರು. ಹಳೆಯ ಹೈಬ್ರಿಡ್ ಬಳ್ಳಿಗುಲಾಬಿಗಳು ಎಲ್ಲಿಂದ ಹುಟ್ಟಿದವು, ಅವುಗಳ ತಂದೆ ತಾಯಿ ಯಾರು ಎಂದು ಸಂಘ ಒಂದು ಪುಸ್ತಕ ತರುತ್ತಿದೆ. ಈ ಕಡೆಯ ಮೊದಲ ಹೈಬ್ರಿಡ್ ಬಳ್ಳಿ ಅಂದರೆ ನಮ್ಮ ಗೋಡೆರಾಣಿ, ಹಾಗಾಗಿ ಮೊದಲ ಪುಟ ಅದಕ್ಕೇ. ಎಲ್ಲರೂ ಇಲ್ಲಿಯ ತನಕ ನಂಬಿದ್ದು ಇವರು ಹೇಳಿದ್ದನ್ನು. ತಾಯಿ ‘ಕುಳ್ಳಿ’ ಎಂಬ ಪೊದೆಗುಲಾಬಿ, ತಂದೆ ‘ಬೆಟ್ಟದ ಬಿಳಿ’ ಎಂಬ ಅಪರೂಪದ ದೊಡ್ಡ ಹೂವಿನ ಬಳ್ಳಿ. ಈಗ ಮೇಲ್ತೋಟದ ಯಜಮಾನ ತಕರಾರು ತೆಗೆದಿದ್ದಾನಂತೆ.

ಮೇಲ್ತೋಟ ಗುಡ್ಡದ ಮೇಲಿನ ದೊಡ್ಡ ನರ್ಸರಿ. ಮದುವೆಗೆ ಮುಂಚೆ ಇವರು ಅಲ್ಲಿ ಕೆಲಸಕ್ಕಿದ್ದರು. ಕುಳ್ಳಿ ಅಲ್ಲಿಯದೇ ತಳಿ, ಕೊಂಡು ತಂದದ್ದು ನಮ್ಮ ತೋಟದಲ್ಲೂ ಇದೆ. ಪೊದೆಗುಲಾಬಿಯಲ್ಲಿ ಎಂದಾದರೊಮ್ಮೆ ಒಂದು ಕೊಂಬೆಗೆ ಹುಚ್ಚು ಹಿಡಿದು ಬಳ್ಳಿಯಾಗಿ ಹಬ್ಬುವುದುಂಟು. ಆ ಕೊಂಬೆಯಿಂದ ಕಸಿ ಕಟ್ಟಿದರೆ ಬಳ್ಳಿಗುಲಾಬಿ ಸಿದ್ಧ, ಅದಕ್ಕೆ ಅಪ್ಪನೇ ಬೇಡ. ತನ್ನ ತಂದೆಯ ಕಾಲದಲ್ಲಿ ಕುಳ್ಳಿಯಲ್ಲಿ ಅಂಥ ಕೊಂಬೆ ಬಂದಿತ್ತು, ಇವರು ಕೆಲಸ ಬಿಡುವಾಗ ಅದನ್ನು ಕತ್ತರಿಸಿಕೊಂಡು ಹೋದರು, ಹೈಬ್ರಿಡ್ಡು ಗಿಬ್ರಿಡ್ಡು ಎಲ್ಲ ಕಟ್ಟುಕಥೆ ಎಂಬುದು ಅವನ ವಾದ. ವಸಂತದಲ್ಲಿ ಸಂಘದ ಸಭೆ. ಅಷ್ಟರಲ್ಲಿ ನಾವು ಏನಾದರೂ ಸಾಕ್ಷಿ ತೋರಿಸಬೇಕು.

ಅಂದರೆ ಕಳ್ಳ ಅಂದ ಹಾಗಾಯಿತಲ್ಲ. ಅದೂ ಬಾಯಿ ಬಿದ್ದುಹೋದ ಮನುಷ್ಯನನ್ನು.

ಅಕ್ಟೋಬರ್ ೨೦

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರ ಹೆಗಲನ್ನು ಇವತ್ತು ಸ್ನಾನ ಮಾಡಿಸುವಾಗ ನಾನೇ ಮುಟ್ಟಿ ನೋಡಿದೆ. ಬರೀ ಮೂಳೆ. ತಲೆ ಒರೆಸುತ್ತ, ಗೋಡೆರಾಣಿ ಮೇಲ್ತೋಟದಿಂದ ತಂದದ್ದೇ ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಅಂಗೈ ತೊಡೆಗೆ ಬಲವಾಗಿ ಒತ್ತಿದರು. ಅಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಹಾಗಾದರೆ ಬೆಟ್ಟದ ಬಿಳಿಯ ಪರಾಗ ಹಾಕಿ ನೀವೇ ಮಾಡಿದ್ದಲ್ಲವೇ ಅಂದೆ. ಕೈ ಮೇಲೂ ಏಳಲಿಲ್ಲ, ಕೆಳಗೂ ಇಳಿಯಲಿಲ್ಲ. ದಣಿದಿರಬೇಕು.

ತಕರಾರಿನ ವಿಷಯ ಇವರಿಗೆ ಹೇಳಿಲ್ಲ. ಹೇಳಿದರೆ ಎದೆ ಒಡೆದುಕೊಂಡಾರು. ಮುಂಬಾಗಿಲ ಗೋಡೆ ತುಂಬ ಹಬ್ಬಿಕೊಂಡಿರುವ ಆ ಸವತಿಯನ್ನು ನೋಡಿದರೆ ಮೈಯುರಿಯುತ್ತದೆ. ವರ್ಷಕ್ಕೊಮ್ಮೆ ಹೂ ಬಿಡುವುದಕ್ಕೆ ಇಷ್ಟು ದರ್ಬಾರು.

ನವೆಂಬರ್ ೬

ಮಾನ ಹೋಯಿತು.

ಗೋಡೆರಾಣಿಯಲ್ಲಿ ಕುಳ್ಳಿಯನ್ನು ಹೋಲದ ಒಂದೇ ಒಂದು ಲಕ್ಷಣ ಸಿಕ್ಕಿದರೂ ಅದು ಹೈಬ್ರಿಡ್ ಅನ್ನಲು ದಾರಿಯಾಗುತ್ತದೆ ಎಂದು ಕಾರ್ಯದರ್ಶಿ ಹೇಳಿದ್ದರು. ನಿನ್ನೆ ಗಿಡದ ಬುಡದಲ್ಲಿ ಮಂಡಿಯೂರಿ ಹುಡುಕಿದೆ. ಸಿಕ್ಕೇಬಿಟ್ಟಿತು. ಒಂದು ಎಳೆ ಕೊಂಬೆ, ಅದರ ಎಲೆಯೇ ಬೇರೆ. ಗುಲಾಬಿ ಎಲೆಯ ತೊಟ್ಟು ಕೊಂಬೆಗೆ ಕೂಡುವಲ್ಲಿ ಎರಡು ಪುಟ್ಟ ರೆಕ್ಕೆಗಳಿರುತ್ತವೆ. ಕುಳ್ಳಿಯಲ್ಲಿ ಅವು ನುಣುಪು. ಈ ಕೊಂಬೆಯಲ್ಲಿ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳಿತ್ತು. ಕುಣಿಯುವುದೊಂದು ಬಾಕಿ. ಫೋನ್ ಮಾಡಿ ಇಬ್ಬರನ್ನೂ ಕರೆಸಿದೆ, ಕಾರ್ಯದರ್ಶಿಯನ್ನೂ ಮೇಲ್ತೋಟದವನನ್ನೂ.

ಮೇಲ್ತೋಟದವನು ಬಗ್ಗಿ ನೋಡಿದ. ಮಣ್ಣನ್ನು ಕೋಲಿನಿಂದ ಸ್ವಲ್ಪ ಕೆದಕಿದ. “ಅಕ್ಕ, ಇದು ಕಸಿಯ ಕೆಳಗಿಂದ ಬಂದಿರೋ ಚಿಗುರು. ಬೇರಿಗೆ ಇಟ್ಟ ಕಾಡುಗುಲಾಬಿದು” ಅಂದ. ನಗಲಿಲ್ಲ ಪುಣ್ಯಾತ್ಮ. ನಕ್ಕಿದ್ದರೆ ಬಯ್ಯಬಹುದಿತ್ತು.

ಕಾಡುಗುಲಾಬಿಯ ಬೇರಿನ ಮೇಲೆ ಒಳ್ಳೆ ಗುಲಾಬಿಯ ಕಣ್ಣು ಕೂರಿಸುವುದು ನನ್ನ ಇಡೀ ಜೀವಮಾನದ ಕಸುಬು. ಬುಡದ ಚಿಗುರನ್ನು ಕಂಡಲ್ಲಿ ಕಿತ್ತೆಸೆಯಿರಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಆ ಚಿಗುರನ್ನೇ ರಾಣಿಯ ಸಾಕ್ಷಿ ಎಂದು ಜನ ಕರೆಸಿ ತೋರಿಸಿದೆನಲ್ಲ. ಬೇಕು ಅನಿಸಿದ್ದು ಕಣ್ಣಿಗೆ ಕಟ್ಟಿದರೆ ಬುದ್ಧಿಗೆ ಮಂಕು ಕವಿಯುತ್ತದೆ.

ಹೊರಡುವ ಮುಂಚೆ ಕಾರ್ಯದರ್ಶಿ ಪಾಪ ಇನ್ನೊಂದು ದಾರಿ ಹೇಳಿದರು. ಬೀಜ ಬಿತ್ತಿ ನೋಡಿ. ಹುಚ್ಚು ಕೊಂಬೆಯ ಬಳ್ಳಿಯಾದರೆ ಸಸಿಗಳಲ್ಲಿ ಕುಳ್ಳಿಯ ಗುಣ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೈಬ್ರಿಡ್ ಆದರೆ ತಾತನ ಗುಣ ಮೊಮ್ಮಕ್ಕಳಲ್ಲಿ ಎಲ್ಲೋ ತಲೆ ಹಾಕುತ್ತದೆ.

ನವೆಂಬರ್ ೮

ಪ್ರತಿವರ್ಷ ಗೋಡೆರಾಣಿಯ ಕಾಯಿಗಳನ್ನು ಹಸಿಯಿರುವಾಗಲೇ ಇವರು ಏಣಿ ಹತ್ತಿ ಒಂದೂ ಬಿಡದೆ ಕತ್ತರಿಸುತ್ತಿದ್ದರು. ಕಾಯಿ ಬಿಟ್ಟರೆ ಗಿಡ ಸೊರಗುತ್ತದಂತೆ. ಈ ವರ್ಷ ಏಣಿ ಹತ್ತುವವರಿಲ್ಲದೆ ಗೋಡೆ ತುಂಬ ಕೆಂಪು ಕಾಯಿ. ಬುಟ್ಟಿ ತುಂಬ ಬಿಡಿಸಿ ತಂದು, ನೋಡಿ ಎಷ್ಟು ಚೆನ್ನಾಗಿವೆ ಎಂದು ಇವರ ಮುಂದೆ ಹಿಡಿದೆ. ಬುಟ್ಟಿಯನ್ನು ಎಡಗೈಯಿಂದ ತಳ್ಳಿಬಿಟ್ಟರು. ಮಂಚದಡಿ, ಬೀರುವಿನಡಿ, ಎಲ್ಲೆಲ್ಲೂ ಕಾಯಿ. “ಕತ್ತರಿ, ಕತ್ತರಿ” ಎಂದು ಕೂಗು. ಅಂಗೈ ಹಾಸಿಗೆಗೆ ಒತ್ತಿ ಒತ್ತಿ ಬೆರಳು ಬೆಳ್ಳಗಾಯಿತು.

ಕಾಯಿಲೆಯವರ ಕೋಪಕ್ಕೆ ಕಾರಣ ಕೇಳಬಾರದು. ನೆಲದ ಮೇಲಿಂದ ಆರಿಸಿಕೊಂಡೆ. ಬೀಜ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನಲ್ಲಿಟ್ಟಿದ್ದೇನೆ. ಚಳಿ ತಿಂದರೇ ಗುಲಾಬಿ ಬೀಜಕ್ಕೆ ಎಚ್ಚರ. ಮೊಸರಿನ ಪಾತ್ರೆಯ ಹಿಂದಿದೆ, ಇವರ ಕಣ್ಣಿಗೆ ಬೀಳುವುದಿಲ್ಲ.

ನವೆಂಬರ್ ೨೮

ಇವರು ಬಚ್ಚಲಲ್ಲಿ ಬಿದ್ದರು. ಏನೂ ಮುರಿದಿಲ್ಲ. ಎತ್ತಲಾಗದೆ ಪಕ್ಕದ ಮನೆಯವರನ್ನು ಕೂಗಿದೆ. ಸಾಕಾಗಿದೆ.

ಡಿಸೆಂಬರ್ ೧೬

ಬೆಕ್ಕು, ಕೊಡೆ, ಗಡಿಯಾರ ಯಾವುದೂ ಇವರ ಬಾಯಿಗೆ ಬರುತ್ತಿಲ್ಲ. ಅವರಿಗೆ ಪ್ರೀತಿಯದ್ದನ್ನು ಮುಂದಿಡಿ ಎಂದು ಟೀಚರ್ ಹೇಳಿದಳು. ತೋಟದಿಂದ ಕಡ್ಡಿಗಳನ್ನು ತಂದು ಕಾರ್ಡಿನ ಬದಲು ಅವನ್ನೇ ಹಿಡಿದೆ. ಇವರು ತುಂಬ ಹೊತ್ತು ನೋಡಿದರು. ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. “ಮುಳ್ಳು” ಅಂದರು. ಆಮೇಲೆ “ತೊಟ್ಟು”. ನನ್ನ ಹೆಸರು ಇನ್ನೂ ಬಂದಿಲ್ಲ, ಮುಳ್ಳಿನ ಹೆಸರು ಬಂತು. ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ.

ಆಮೇಲಿನದು ಪಾಠವೋ ಆಟವೋ. ನಾನು ಕೇಳುವುದು, ಇವರು ಕೈಯಲ್ಲಿ, ಕಡ್ಡಿಯಲ್ಲಿ, ಅರ್ಧಂಬರ್ಧ ಪದದಲ್ಲಿ ಹೇಳುವುದು. ಇವರ ಪುಸ್ತಕಗಳನ್ನೂ ಬಿಡಿಸಿಕೊಂಡು ಕೂತೆ. ಬಳ್ಳಿಗುಲಾಬಿಯ ಕಥೆ ನಾನಂದುಕೊಂಡಷ್ಟು ಬೇಸರದ್ದಲ್ಲ. ತೋಟದ ಗುಲಾಬಿಗಳು ಮತ್ತೆ ಮತ್ತೆ ಹೂ ಬಿಡುತ್ತವೆ, ಆದರೆ ಮೊಣಕಾಲೆತ್ತರ. ಕಾಡಿನ ಬಳ್ಳಿಗಳು ಮಾಡು ಹತ್ತುತ್ತವೆ, ಆದರೆ ವರ್ಷಕ್ಕೊಮ್ಮೆ ಹೂವು. ಎರಡನ್ನೂ ಕೂಡಿಸಲು ಹೊರಟವರಿಗೆ ಮೊದಮೊದಲು ಹುಟ್ಟಿದ್ದು ಹೆಚ್ಚಿನದೆಲ್ಲ ಹೇಸರಗತ್ತೆಯಂಥವು, ಮೈಗೆ ಗಟ್ಟಿ, ಸಂತಾನವಿಲ್ಲ. ಅಪರೂಪಕ್ಕೊಂದು ಕಾಯಿ ಕಚ್ಚಿದರೆ ಅದರಿಂದಲೇ ಮುಂದಿನ ಪೀಳಿಗೆ.

ಇನ್ನೊಂದು ಸಂಗತಿ. ಆ ಹಳಬರು ಬರೆದಿಟ್ಟದ್ದರಲ್ಲಿ ತಾಯಿಯ ಹೆಸರು ನಂಬಬಹುದು, ಕಾಯಿ ಅವಳ ಮೈಮೇಲೇ ಇರುತ್ತದೆ. ಅಪ್ಪ ಯಾರೆಂಬುದಕ್ಕೆ ಪರಾಗ ಹಾಕಿದವನ ಮಾತೊಂದೇ ಸಾಕ್ಷಿ. ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತಾರೆ. ಗುಲಾಬಿಮೂಲವನ್ನೂ ಸೇರಿಸಬೇಕಿತ್ತು.

ಜನವರಿ ೨೨

ಬೀಜ ಬಿತ್ತಿದೆ. ಕಸಿ ಶೆಡ್ಡಿನ ಕಿಟಕಿಯ ಕೆಳಗೆ ಟ್ರೇ. ಇವರು ಕೋಲು ಹಿಡಿದು ವರಾಂಡದ ತನಕ ನಡೆದರು.

ಫೆಬ್ರವರಿ ೨೬

ಮೊಳಕೆ ಬಂದಿದೆ. ಅಷ್ಟೊಂದು ಬಿತ್ತಿದ್ದಕ್ಕೆ ಇಷ್ಟೇ, ಆದರೂ ಸಾಕು. ಮೊದಲೆರಡು ಎಲೆ ಎಲ್ಲ ಗುಲಾಬಿಗೂ ಒಂದೇ ಥರ, ಅವನ್ನು ನೋಡಿ ಏನೂ ಹೇಳುವ ಹಾಗಿಲ್ಲ. ದಿನಕ್ಕೆ ಎಷ್ಟು ಸಲ ಶೆಡ್ಡಿಗೆ ಹೋಗಿ ಬರುತ್ತೇನೋ. ನಾನೆಲ್ಲಿಗೆ ಹೋಗುತ್ತೇನೆಂದು ಇವರು ಕಣ್ಣಲ್ಲೇ ಕೇಳುತ್ತಾರೆ. ನೀರು ಬಿಡಲು ಎಂದು ಸುಳ್ಳು ಹೇಳುತ್ತೇನೆ.

ಇವತ್ತು ಊಟದಲ್ಲಿ ಇವರು ಕುಳ್ಳಿಯ ವಿಚಾರ ಏನೋ ಹೇಳಹೊರಟು ಸಿಕ್ಕಿಹಾಕಿಕೊಂಡರು. ಅನ್ನ ಆರಿತು. ಕೊನೆಗೆ “ಅಂಚು… ಕೆಂಪು” ಅಂದರು. ಎಳೆ ಎಲೆಯ ಅಂಚು ಕೆಂಪಿರುತ್ತದೆ ಅಂತ. ನಿಜ, ಹೋಗಿ ನೋಡಿದೆ.

ಮಾರ್ಚ್ ೧೪

ಬಾಚಣಿಗೆ. ಸಸಿಗಳಲ್ಲಿ ಕೆಲವಕ್ಕೆ, ತೊಟ್ಟಿನ ಬುಡದ ರೆಕ್ಕೆಯಲ್ಲಿ, ಅದೇ ಸೀಳು ಅಂಚು. ಇಲ್ಲಿ ಕಸಿಯಿಲ್ಲ, ಬುಡದ ಚಿಗುರಿಲ್ಲ, ಬೀಜದಿಂದಲೇ ಬಂದ ಗಿಡ. ಕುಳ್ಳಿಯ ಮೊಮ್ಮಕ್ಕಳಿಗೆ ಕುಳ್ಳಿಯಲ್ಲಿಲ್ಲದ ಗುಣ. ಗೋಡೆರಾಣಿ ಹುಚ್ಚು ಕೊಂಬೆಯಲ್ಲ. ಇವರು ಕಳ್ಳರಲ್ಲ.

ಭಾನುವಾರವಾದ್ದರಿಂದ ಮಗಳು ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾವುದನ್ನೂ ಎರಡು ಸಲ ಓದದೆ ನಂಬುವವಳಲ್ಲ. ಭೂತಗನ್ನಡಿ ಹಿಡಿದು ನೋಡಿ ನನ್ನನ್ನು ತಬ್ಬಿಕೊಂಡಳು. ಆಮೇಲೆ, ಬೆಟ್ಟದ ಬಿಳಿಗೂ ಈ ಬಾಚಣಿಗೆ ಇದೆ ತಾನೇ ಅಂದಳು.

ಇದೆಯೇ? ಇಬ್ಬರೂ ಹಿತ್ತಿಲಿಗೆ ಹೋದೆವು. ಬೆಟ್ಟದ ಬಿಳಿ ಬೇಲಿಯ ಮೇಲೆ ಇನ್ನೂ ಇದೆ. ಕೊಂಬೆ ಬಗ್ಗಿಸಿ ನೋಡಿದೆ. ನುಣುಪು. ಇನ್ನೊಂದು ಕೊಂಬೆ. ನುಣುಪು. ನಮ್ಮ ತೋಟದಲ್ಲಿ ಬಾಚಣಿಗೆ ಇರುವುದು ಒಂದಕ್ಕೇ, ನಾನು ಬೇರಿಗೆಂದು ಬೆಳೆಸುವ ಕಾಡುಗುಲಾಬಿಗೆ.

ನಾನು ಕೊಂಬೆ ಕೈಬಿಟ್ಟೆ. ಮಗಳು ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡಳು.

ಮಾರ್ಚ್ ೧೭

ಅತ್ತ ದರಿ, ಇತ್ತ ಪುಲಿ. ಸಸಿ ತೋರಿಸಿದರೆ ಇವರು ಕಳ್ಳರಲ್ಲ ಅಂತಾಗುತ್ತದೆ, ಆದರೆ ಬೆಟ್ಟದ ಬಿಳಿ ಅಪ್ಪನಲ್ಲ, ಇಷ್ಟು ವರ್ಷ ಇವರು ಹೇಳಿದ್ದು ಸುಳ್ಳು ಅಂತಲೂ ಆಗುತ್ತದೆ. ತೋರಿಸದಿದ್ದರೆ ಸುಳ್ಳು ಉಳಿಯುತ್ತದೆ, ಕಳ್ಳತನದ ಮಾತೂ ಉಳಿಯುತ್ತದೆ. ಒಂದೇ ಬಾಚಣಿಗೆ ತಲೆಯನ್ನೂ ಬಾಚುತ್ತದೆ, ನೆತ್ತಿಯನ್ನೂ ಗೀರುತ್ತದೆ.

ಮಗಳು ಫೋನಿನಲ್ಲಿ ಸಸಿ ಎಸೆದುಬಿಡು ಅಂದಳು. ಬೀಜ ಹುಟ್ಟಲಿಲ್ಲ ಅಂದರಾಯಿತು, ಸಾಕ್ಷಿಯಿಲ್ಲದಿದ್ದರೆ ಸಂಘದವರು ಹಳೆಯದನ್ನೇ ಅಚ್ಚು ಹಾಕುತ್ತಾರೆ, ಮೇಲ್ತೋಟದವನ ಹತ್ತಿರವೂ ಸಾಕ್ಷಿಯಿಲ್ಲ. “ಅಪ್ಪನ ಹತ್ರ ಇನ್ನು ಉಳಿದಿರೋದು ಆ ಹೆಸರೊಂದೇ ಅಮ್ಮ” ಅಂದಳು. ತಪ್ಪು ಹೇಳಲಿಲ್ಲ ಅವಳು.

ಟ್ರೇ ಎತ್ತಿಕೊಂಡು ಗೊಬ್ಬರದ ಗುಂಡಿಯ ತನಕ ಹೋದೆ. ಎಳೆ ಎಲೆಗಳು ಬಿಸಿಲಿಗೆ ಮಿನುಗುತ್ತಿದ್ದವು. ನನ್ನ ಕೈಯಾರೆ ಎಷ್ಟು ಕಾಡುಚಿಗುರು ಕಿತ್ತು ಇದೇ ಗುಂಡಿಗೆ ಹಾಕಿಲ್ಲ. ಇವತ್ತು ಕೈ ಬರಲಿಲ್ಲ. ವಾಪಸ್ ತಂದಿಟ್ಟೆ.

ಇವರಿಗೆ ಗೊತ್ತಿತ್ತು, ಅವತ್ತು ಕಾಯಿಯ ಬುಟ್ಟಿ ತಳ್ಳಿದ್ದು ಅದಕ್ಕೇ. ಇವರ ಮೇಲೆ ಕೆಂಡದಂಥ ಸಿಟ್ಟು. ಸುಳ್ಳು ಹೇಳಿದ್ದಕ್ಕೆ ಅಲ್ಲ, ಒಬ್ಬರೇ ಇಟ್ಟುಕೊಂಡಿದ್ದಕ್ಕೆ.

ಮಾರ್ಚ್ ೨೦

ಬೆಳಗಿನ ತಿಂಡಿಯಾದ ಮೇಲೆ ಟ್ರೇ ತಂದು ಇವರ ಮುಂದಿಟ್ಟೆ. ಎಲ್ಲ ಹೇಳಿದೆ. ಸಂಘ, ಪುಸ್ತಕ, ಮೇಲ್ತೋಟದವನು, ಬುಡದ ಚಿಗುರು ತೋರಿಸಿ ನಾನು ಮಾನ ಕಳೆದುಕೊಂಡದ್ದು, ಫ್ರಿಜ್ಜು, ಬಿತ್ತಿದ್ದು. ಬುಟ್ಟಿ ತಳ್ಳಿದ ಹಾಗೆ ತಳ್ಳುತ್ತಾರೆಂದು ಟ್ರೇಯ ಅಂಚು ಹಿಡಿದುಕೊಂಡೇ ಇದ್ದೆ. ತಳ್ಳಲಿಲ್ಲ. ಎಡಗೈಯಿಂದ ಒಂದು ಎಲೆ ಎತ್ತಿ ಬಾಚಣಿಗೆ ಸವರಿದರು. ಕಣ್ಣು ತುಂಬಿತ್ತು.

ಅಪ್ಪ ಯಾರು ಎಂದು ಕೇಳಿದೆ. ಶೆಡ್ಡಿನ ಕಡೆ, ಕಾಡುಗುಲಾಬಿಯ ಸಾಲಿನ ಕಡೆ ಕೈ ತೋರಿಸಿದರು. ಹೇಗೆ ಎಂದೆ. ಮಾತು ಬರಲಿಲ್ಲ. ನನ್ನನ್ನು ತೋರಿಸಿದರು. ನನ್ನ ಸೊಂಟದ ಕಸಿ ಚಾಕು ತೋರಿಸಿ, ಅದು ಇಲ್ಲ ಎಂದು ಕೈಯಾಡಿಸಿದರು. ಆಮೇಲೆ ಒಂದೇ ಕೈಯಲ್ಲಿ ಮಗು ತೂಗಿದರು. ಮಗಳು ಹುಟ್ಟಿದ್ದು ವಸಂತದಲ್ಲಿ. ಹೆರಿಗೆಯಾಗಿ ನಾನು ತಿಂಗಳುಗಟ್ಟಲೆ ಶೆಡ್ಡಿನ ಕಡೆ ಹೋಗಿರಲಿಲ್ಲ, ಕಸಿಯಾಗದೆ, ಕತ್ತರಿಸುವವರಿಲ್ಲದೆ, ಆ ವರ್ಷ ಕಾಡುಗುಲಾಬಿ ಸಾಲಿಗೆ ಸಾಲೇ ಹೂ ಬಿಟ್ಟಿರಬೇಕು. ಹಾಗೆಂದೆ. ಹೆಬ್ಬೆರಳು ಎದ್ದಿತು. ಇವರು ತುಟಿಯಿಂದ ಝುಂಯ್ ಅಂದರು, ಬೆರಳು ಗಾಳಿಯಲ್ಲಿ ಹಾರಿಸಿ ತಂದು ಟ್ರೇಯ ಮೇಲೆ ಕೂರಿಸಿದರು. ಜೇನು. ಇವರು ಬೆಟ್ಟದ ಬಿಳಿಯ ಪರಾಗ ಹಿಡಿದು ಕುಳ್ಳಿಯ ಹತ್ತಿರ ಹೋಗುವಷ್ಟರಲ್ಲಿ ಜೇನು ಬಂದು ಹೋಗಿತ್ತು. ಇವರು ತಮ್ಮ ಪರಾಗವೇ ಫಲಿಸಿತು ಅಂದುಕೊಂಡಿದ್ದರು.

ಮತ್ತೆ ಗೊತ್ತಾದದ್ದು ಯಾವಾಗ ಎಂದೆ. ಟ್ರೇ ತೋರಿಸಿ, ಮಂಚಕ್ಕಿಂತ ಸ್ವಲ್ಪ ಎತ್ತರಕ್ಕೆ ಕೈ ಹಿಡಿದರು. ಮಗಳು ಅಷ್ಟೆತ್ತರವಿದ್ದಾಗ ಇವರೂ ಬೀಜ ಬಿತ್ತಿದ್ದರು. ಬಾಚಣಿಗೆ ನೋಡಿದ್ದರು. ಅಷ್ಟರಲ್ಲಿ ಗೋಡೆರಾಣಿಗೆ ಹೆಸರು ಬಂದಿತ್ತು, ಬೆಟ್ಟದ ಬಿಳಿಯ ಮಗಳೆಂದು ಎಲ್ಲ ಕಡೆ ಅಚ್ಚಾಗಿತ್ತು. ಆಮೇಲಿಂದ ಒಂದು ಕಾಯಿಯನ್ನೂ ಹಣ್ಣಾಗಲು ಬಿಡಲಿಲ್ಲ. ಪ್ರತಿವರ್ಷ ಏಣಿ ಹತ್ತಿ ಕತ್ತರಿ ಹಿಡಿದದ್ದು ಗಿಡ ಸೊರಗುತ್ತದೆಂದಲ್ಲ.

ಬಯ್ಯಬೇಕೆಂದು ಏನೇನೋ ಜೋಡಿಸಿಟ್ಟುಕೊಂಡಿದ್ದೆ. ಟ್ರೇ ಎತ್ತಿ ಕಿಟಕಿಯ ಬೆಳಕಿಗಿಟ್ಟು ಸಸಿಗಳಿಗೆ ನೀರು ಚಿಮುಕಿಸಿದೆ.

ಮಾರ್ಚ್ ೨೩

ನಾನು ಟ್ರೇ ಇವರ ಮುಂದಿಟ್ಟದ್ದಕ್ಕೆ ಮಗಳು ಬಂದು ಕೂಗಾಡಿದಳು. ಅಪ್ಪನಿಗೆ ಏನು ತಿಳಿಯುತ್ತೆ ಅಂತ ನೀನು ಅವರನ್ನ ಕೇಳಿದೆ, ಅವರ ಬಾಯಲ್ಲಿ ಬರೋದಕ್ಕೆಲ್ಲ ಅರ್ಥವಿದೆಯಾ ಅಂದಳು. ಅವಳ ಎದುರೇ ಕೇಳಿದೆ, ರೀ, ಸಭೆಯಲ್ಲಿ ಸಸಿ ತೋರಿಸಬೇಕಾ ಅಂತ. “ಬೇಡ” ಅಂದರು. ನೋಡಿದೆಯಾ ಅಂದಳು ಮಗಳು. ಹೆಬ್ಬೆರಳು ಮಾತ್ರ ಮೇಲೆದ್ದಿತ್ತು.

ನಾನು ಅವಳ ಕೈ ಹಿಡಿದು ಕೂರಿಸಿದೆ. ಅಪ್ಪ ಇನ್ನೂ ಮುಗಿಸಿಲ್ಲ ಅಂದೆ. ಇಬ್ಬರೂ ಕಾದೆವು. ಇವರು ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ, ಬಾವಿಯಿಂದ ಭಾರದ ಕೊಡ ಸೇದುವವರ ಹಾಗೆ ಆ ಪದವನ್ನು ಸೇದಿದರು. “ಬೇ… ಬೇಕು.” ಮಗಳು ಅಪ್ಪನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮನೆಯಲ್ಲಿ ಹೆಗ್ಗಣಕ್ಕೂ ಹೆತ್ತವರು ಮುದ್ದು.

ಏಪ್ರಿಲ್ ೪

ಸಭೆ ಮುಗಿಸಿ ಬಂದೆವು.

ಸಂಘದ ಕೋಣೆಯಲ್ಲಿ ಉದ್ದ ಮೇಜು, ಸುತ್ತ ಗುಲಾಬಿಯವರು. ಟ್ರೇ ಮಧ್ಯದಲ್ಲಿಟ್ಟೆ. ಮೇಲ್ತೋಟದವನು ಭೂತಗನ್ನಡಿ ತೆಗೆದುಕೊಂಡು ಒಂದೊಂದೇ ಸಸಿ ನೋಡಿದ. ಹೋದ ಬೇಸಿಗೆಯಲ್ಲಿ ನಿಮ್ಮದೇ ಕಾಡುಗುಲಾಬಿಯ ಪರಾಗ ಬಿದ್ದು ಹೀಗಾಗಿರಬಹುದಲ್ಲ ಎಂದು ಕೇಳಿದ. ಒಳ್ಳೆ ಪ್ರಶ್ನೆ. ನಮ್ಮ ಸಾಲನ್ನು ಹೂ ಬಿಡುವ ಮುಂಚೆಯೇ ಕತ್ತರಿಸುತ್ತೇವೆ, ಬುಡದಲ್ಲಿ ನೀವೇ ನೋಡಿದ ಚಿಗುರು ಆ ವರ್ಷದ್ದು, ಹಳೆಯ ಕೊಂಬೆಯಲ್ಲಲ್ಲದೆ ಕಾಡುಗುಲಾಬಿ ಹೂ ಬಿಡುವುದಿಲ್ಲ ಎಂದೆ. ಅವನು ತಲೆಯಾಡಿಸಿದ. ತಪ್ಪು ತಿಳಿದುಕೊಂಡಿದ್ದೆ ಎಂದು ಇವರ ಕಡೆ ತಿರುಗಿ ಹೇಳಿದ.

ಹಾಗಾದರೆ ತಂದೆ ಯಾರೆಂದು ಬರೆಯೋಣ ಎಂದು ಕಾರ್ಯದರ್ಶಿ ನನ್ನನ್ನು ಕೇಳಿದರು. ಉತ್ತರ ನನ್ನ ಬಾಯಲ್ಲೇ ಇತ್ತು. ಅವರನ್ನೇ ಕೇಳಿ ಅಂದೆ.

ಇವರು ಮೇಜಿನಂಚು ಹಿಡಿದು ಎದ್ದು ನಿಂತರು. ಬಾಯಿ ತೆರೆಯಿತು, ಮುಚ್ಚಿತು. ಯಾರೋ ಗಡಿಯಾರ ನೋಡಿದರು. ಯಾರೋ ಪಾಪ ಅಂತ ಪದ ಸೇರಿಸಹೊರಟರು. ಅವರು ಮುಗಿಸಲಿ, ಯಾರೂ ಬಾಯಿ ಹಾಕಬೇಡಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆನಂತೆ, ಮಗಳು ಆಮೇಲೆ ಹೇಳಿದಳು.

“ಬೆಟ್ಟ… ಅಲ್ಲ. ಕಾಡು.” ಆಮೇಲೆ ಅಂಗೈಯನ್ನು ತಮ್ಮ ಎದೆಗಿಟ್ಟುಕೊಂಡು, ಅದೇ ಅಂಗೈಯನ್ನು ಮೇಜಿಗೆ ಒತ್ತಿದರು. “ನಾನು… ಅಲ್ಲ.”

ಹಿಂದಿನಿಂದ ಒಬ್ಬರು, ಇಷ್ಟು ವರ್ಷ ಎಲ್ಲರಿಗೂ ಬೆಟ್ಟದ ಬಿಳಿಯ ಕಥೆ ಹೇಳಿದ್ದೇ ಹೇಳಿದ್ದು ಎಂದು ಗೊಣಗಿದರು. ಕೇಳಿಸಲಿ ಅಂತಲೇ ಗೊಣಗಿದ್ದು. ಇವರು ತಲೆ ತಗ್ಗಿಸಲಿಲ್ಲ.

ಪುಸ್ತಕದಲ್ಲಿ ಗೋಡೆರಾಣಿ ಇರುತ್ತದೆ. ತಾಯಿ ಕುಳ್ಳಿ, ತಂದೆ ಕಾಡುಗುಲಾಬಿ, ಜೇನಿನಿಂದ ತಾನಾಗಿ ಆದ ಕೂಡಿಕೆ. ಸೃಷ್ಟಿಸಿದವರು ಎಂಬಲ್ಲಿ ಇವರ ಹೆಸರಿರುವುದಿಲ್ಲ, ಬೆಳೆಸಿದವರು ಎಂಬಲ್ಲಿ ಇರುತ್ತದೆ. ಮೊದಲ ಪುಟ ಬೇರೆ ಯಾರದೋ ಬಳ್ಳಿಗೆ ಹೋಯಿತು. ನಾನು ದಾರಿಯುದ್ದಕ್ಕೂ ಅದನ್ನೇ ನೆನೆದುಕೊಂಡು ಬಂದೆ. ಇವರು ಕಾರಿನಲ್ಲಿ ಗೊರಕೆ ಹೊಡೆದು ಮಲಗಿದರು, ಎಷ್ಟೋ ವರ್ಷದ ನಿದ್ದೆ ಬಾಕಿಯಿದ್ದವರ ಹಾಗೆ.

ಏಪ್ರಿಲ್ ೫

ಇವತ್ತು ಮಧ್ಯಾಹ್ನ ಊಟಕ್ಕೆ ಇಬ್ಬರೇ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದಿರಿ, ಒಬ್ಬರಿಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ಇನ್ನೂ ಸಿಟ್ಟಿತ್ತು ನನಗೆ.

ಇವರು ಚಮಚ ಕೆಳಗಿಟ್ಟರು. “ಹೇಳಿದೆ” ಅಂದರು.

ಪದ ತಪ್ಪಿದೆ ಅಂದುಕೊಂಡೆ. ಕೈ ನೋಡಿದೆ. ಹೆಬ್ಬೆರಳು ಮೇಲಿತ್ತು. ಯಾರಿಗೆ ಅಂದೆ.

“ನಿನಗೆ.”

ನನಗೆ? ಯಾವಾಗ? ಮಗಳ ಆ ಎತ್ತರಕ್ಕೆ ಕೈ ಹಿಡಿದು ತೋರಿಸಿ, ಆಮೇಲೆ ಈ ಮೇಜು ತಟ್ಟಿದರು. ಬಾಚಣಿಗೆ ಕಂಡ ದಿನ, ಇಲ್ಲಿ, ಊಟದಲ್ಲಿ, ನನಗೇ ಹೇಳಿದ್ದರು. ಎಷ್ಟು ತಡಕಿದರೂ ನನಗೆ ಆ ದಿನ ಸಿಗಲಿಲ್ಲ. ಯಾವ ಗಿರಾಕಿಯ ಕುಂಡ ಎಣಿಸುತ್ತಿದ್ದೆನೋ ಮನಸ್ಸಿನಲ್ಲಿ. ಅವತ್ತು ನಾನು ಏನೂ ಅನ್ನಲಿಲ್ಲವೇ ಎಂದು ಕೇಳಿದೆ.

ಇವರು ಯೋಚಿಸಿದರು. ಕಾದೆ. ಎಡಗೈಯ ಬೆರಳುಗಳನ್ನು ಚಿಟಿಕೆ ಮಾಡಿ ನನ್ನ ತಟ್ಟೆಯ ಮೇಲೆ ಉದುರಿಸುವ ಹಾಗೆ ತೋರಿಸಿದರು. “ಉಪ್ಪು” ಅಂದರು. “ಉಪ್ಪು… ಬೇಕಾ.”

ಅಷ್ಟೇ ಅಂದಿದ್ದೆನಂತೆ. ಇವರಿಗೆ ಅದು ತಮಾಷೆಯಾಗಿ ಕಂಡಿತು, ಬಾಯಿ ಸೊಟ್ಟ ಮಾಡಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ಇವರ ಪಕ್ಕದ ಕುರ್ಚಿಗೆ ಬಂದು ಕೂತೆ. ಮೊದಲಿಂದ ಹೇಳಿ ಅಂದೆ.